ದಾರಿಯಿಂದ ಎತ್ತಿಟ್ಟ ಕಲ್ಲುಗಳು

"ಮುಟ್ಟಬೇಡ!" ಎಂದು ಅಕ್ಕ ಗದರಿದಳು.

ತಂಗಿ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. "ಕಲ್ಲು ಕಣೇ ಅಕ್ಕ. ಕಚ್ಚಲ್ಲ ಅದು."

"ಕಚ್ಚಲ್ಲ, ಮಾತಾಡುತ್ತೆ. ಸ್ವಲ್ಪ ಸುಮ್ನಿರು, ಕೇಳಿಸ್ಕೊಳ್ತೀನಿ."

ಹಳೆಯ ಹೆದ್ದಾರಿ ಗುಡ್ಡ ಹತ್ತುತ್ತ ಥಟ್ಟನೆ ಬಲಕ್ಕೆ ಹೊರಳುವ ತಿರುವು ಅದು. ಯಾವ ಕಾಲದ ಯಾವ ದೊರೆ ಹಾಕಿಸಿದ ರಸ್ತೆಯೋ, ಅಂಕಿ ಅಳಿಸಿಹೋದ ಮೈಲಿಗಲ್ಲುಗಳು ಈಗಲೂ ಅಲ್ಲಲ್ಲಿ ನಿಂತಿದ್ದವು. ತಿರುವಿನ ಮರದ ಬುಡದಲ್ಲಿ ಒಂದು ಕಲ್ಲುಗುಪ್ಪೆ ಇತ್ತು. ದಪ್ಪ ಕಲ್ಲುಗಳು ಕೆಳಗೆ, ಸಣ್ಣವು ಮೇಲೆ, ಎಲ್ಲಕ್ಕೂ ಮೇಲೆ ಬಾಡಿದ ಒಂದು ಸೊಪ್ಪಿನ ಕೊಂಬೆ. ಅಕ್ಕ ಅದರ ಮುಂದೆ ಮಂಡಿಯೂರಿ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು.

ಹಾಗೆ ನೋಡುವುದೇ ಅವಳ ಕಸುಬಾಗಿತ್ತು. ವಿಮಾ ಕಂಪನಿಯ ಪರವಾಗಿ ಜಜ್ಜಿಹೋದ ವಾಹನಗಳನ್ನು ಪರೀಕ್ಷಿಸುತ್ತ ಆಯುಷ್ಯದ ಮುಕ್ಕಾಲು ಪಾಲು ಕಳೆದವಳು. ಈ ರಸ್ತೆಯ ಡ್ರೈವರುಗಳು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಭೂತಗನ್ನಡಿ. ನಿವೃತ್ತಿಯಾದ ಮೇಲೆ ಕನ್ನಡಕದ ನಂಬರು ಏರಿತ್ತೇ ಹೊರತು ದೃಷ್ಟಿ ಇಳಿದಿರಲಿಲ್ಲ.

ತಂಗಿಯ ಗಂಡ ಲಾರಿ ಸಮೇತ ಕಾಣೆಯಾಗಿ ವಾರವಾಗುತ್ತ ಬಂದಿತ್ತು. ಮಾಲೀಕ ದೂರು ಕೊಟ್ಟ ದಿನದಿಂದ ಅವನು ಪೊಲೀಸರ ಲೆಕ್ಕದಲ್ಲಿ ಕಾಣೆಯಾದವನಲ್ಲ, ತಾಮ್ರದ ತಂತಿ ತುಂಬಿದ ಲಾರಿ ಕದ್ದು ಓಡಿಹೋದ ಕಳ್ಳ. ಕಾಣೆಯಾದವನನ್ನಾದರೆ ಹುಡುಕುತ್ತಾರೆ, ಓಡಿಹೋದವನು ತಾನಾಗಿ ಸಿಕ್ಕಿಬೀಳಲಿ ಎಂದು ಕಾಯುತ್ತಾರೆ. ಅಷ್ಟರೊಳಗೆ ಅವನ ಜೀವಕ್ಕೆ ಏನಾದರೂ ಆದರೆ? ತಂಗಿಗೆ ಈ ಯೋಚನೆ ಬಂದ ಬೆಳಿಗ್ಗೆಯೇ ಅವಳು ಕಾರು ಹೊರಡಿಸಿ ಅಕ್ಕನ ಮನೆ ಮುಂದೆ ತಂದು ನಿಲ್ಲಿಸಿದ್ದಳು. "ಹತ್ತು. ಅವ್ರು ನಿಲ್ಲೋ ಕಡೆಯೆಲ್ಲ ನಾವೂ ನಿಲ್ಲೋಣ" ಎಂದಿದ್ದಳು.

ನಿಲ್ಲುವುದಕ್ಕೆ ಬರವಿರಲಿಲ್ಲ. ಆ ಮನುಷ್ಯನನ್ನು ರಸ್ತೆಯವರೆಲ್ಲ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಸೈಕಲ್ಲಿನವರೂ ಅವನ ಲಾರಿಯನ್ನು ಹಿಂದೆ ಹಾಕಿದ್ದುಂಟು. ಉಳಿದ ಲಾರಿಗಳವರೆಲ್ಲ ಹೊಸ ಅಗಲದ ರಸ್ತೆಗೆ ಹೋದಮೇಲೂ ಅವನು ಮಾತ್ರ ಹಳೆಯ ಹೆದ್ದಾರಿ ಬಿಡಲಿಲ್ಲ. ಇಲ್ಲಿ ಚಹಾ, ಅಲ್ಲಿ ಮುಖ ತೊಳೆಯುವುದು, ಮತ್ತೊಂದು ಕಡೆ ಮರದ ಕೆಳಗೆ ಸುಮ್ಮನೆ ಕೂರುವುದು. ಅಕ್ಕ ತಂಗಿ ಎರಡು ದಿನದಿಂದ ಆ ಎಲ್ಲ ಕಡೆಯೂ ಚಹಾ ಕುಡಿದು ಹೊಟ್ಟೆ ಹುಳಿ ಮಾಡಿಕೊಂಡಿದ್ದರು.

ಫಲ ಸಿಕ್ಕಿದ್ದು ಗುಡ್ಡದ ಬುಡದಲ್ಲಿ. ಅಲ್ಲಿನ ಚಹಾದಂಗಡಿಯಾಕೆ, ಅವನು ಕಾಣೆಯಾದ ದಿನ ಸಂಜೆ ಬಸ್ಸಿನಲ್ಲಿ ಬರುವಾಗ ನಿಧಾನಪ್ಪನ ಲಾರಿ ಈ ತಿರುವಿನಲ್ಲಿ ಕೆಟ್ಟು ನಿಂತದ್ದನ್ನು ಕಂಡಿದ್ದಳು. ಹಿಂದೆ ಸಾಲಾಗಿ ಕಲ್ಲಿಟ್ಟಿತ್ತಂತೆ, ಸೊಪ್ಪಿನ ಕೊಂಬೆಯೂ ಇತ್ತಂತೆ. ಮರುದಿನ ಬೆಳಿಗ್ಗೆ ಲಾರಿಯೂ ಇಲ್ಲ, ಕಲ್ಲೂ ಇಲ್ಲ.

"ನೋಡು," ಅಕ್ಕ ಡಾಂಬರಿನ ಮೇಲಿನ ಎಣ್ಣೆಯ ಕಲೆ ತೋರಿಸಿದಳು. "ಲಾರಿ ನಿಂತಿದ್ದು ಇಲ್ಲಿ. ಕಲ್ಲು ಇಟ್ಟಿದ್ದು ಅಗೋ, ಅಲ್ಲಿ. ಹೊರಡೋವಾಗ ಒಂದೊಂದೇ ಎತ್ತಿ ತಂದು ಇಲ್ಲಿ ಜೋಡಿಸಿದಾರೆ. ಕೊಂಬೆ ಕೂಡ ಬಿಟ್ಟಿಲ್ಲ."

ತಂಗಿಯ ಮುಖ ಸಪ್ಪಗಾಯಿತು. "ಅಂದ್ರೆ ಅವ್ರೇ. ರಸ್ತೆ ಮೇಲೆ ಕಲ್ಲು ಬಿಟ್ಟು ಬರೋ ಜನ್ಮ ಅಲ್ಲ ಅವ್ರದ್ದು. ಹಾಗಾದ್ರೆ ಲಾರಿ ತಗೊಂಡು ಹೋಗಿರೋದು ನಿಜವಾಗ್ಲೂ ಅವ್ರೇನಾ ಅಕ್ಕ?"

ಅಕ್ಕ ಗುಪ್ಪೆಯನ್ನೇ ಮತ್ತೊಮ್ಮೆ ನೋಡಿದಳು. ಲಾರಿ ಕೆಟ್ಟಾಗ ಹಿಂದೆ ಕಲ್ಲಿಡುವುದು ಎಲ್ಲರಿಗೂ ಗೊತ್ತು. ಹೊರಡುವಾಗ ತೆಗೆಯುವುದು ಎಲ್ಲರಿಗೂ ನೆನಪಿರುವುದಿಲ್ಲ. ಹಾಗೆ ಬಿಟ್ಟುಹೋದ ಕಲ್ಲಿಗೆ ಗುದ್ದಿ ನುಜ್ಜುಗುಜ್ಜಾದ ಗಾಡಿಗಳನ್ನು ಅವಳು ಕಣ್ಣಾರೆ ನೋಡಿದ್ದಳು. ಯಾರೋ ಕಳ್ಳರು ಬಂದು ಲಾರಿ ಎಗರಿಸಿದ್ದರೆ ಕೆಳಗಿಳಿದು ಕಲ್ಲು ಹೊರುತ್ತ ಕೂರುತ್ತಿರಲಿಲ್ಲ. ಇದು ವರ್ಷಗಟ್ಟಲೆ ಸ್ಟೇರಿಂಗು ಹಿಡಿದವನ ಕೆಲಸ. ಆದರೆ ಯಾರು?

ಅವಳು ಹುಲ್ಲಿನಲ್ಲಿ ಕಾಲಾಡಿಸುತ್ತ ಹೋದಳು. ಹತ್ತು ಹೆಜ್ಜೆ ಆಚೆ ಬಗ್ಗಿ ಏನನ್ನೋ ಎತ್ತಿದಳು. ಕಪ್ಪಗೆ, ಉದ್ದಕ್ಕೆ, ತುದಿ ಹರಿದ ರಬ್ಬರು.

"ಫ್ಯಾನ್ ಬೆಲ್ಟು," ಎಂದಳು. "ಹರಿದು ಹೆಚ್ಚು ದಿನ ಆಗಿಲ್ಲ. ಲಾರಿ ನಿಂತಿದ್ದು ಇದಕ್ಕೇ. ಹೊಸದು ಹಾಕಿ, ಹಳೇದನ್ನ ಹುಲ್ಲಿಗೆ ಎಸೆದು ಹೋಗಿದಾರೆ."

"ಎಸೆದು?" ತಂಗಿ ತಲೆಯೆತ್ತಿದಳು. "ಎಸೆದು ಹೋಗಿದಾರಾ?"

"ಹೂಂ. ಯಾಕೆ?"

"ಅಯ್ಯೋ ಅಕ್ಕ, ಅವ್ರು ಹಳೇ ಬೆಲ್ಟ್ ಎಸೆಯೋ ಮನುಷ್ಯರೇ ಅಲ್ಲ! ನಮ್ಮನೇಲಿ ಬಂದು ನೋಡು. ಬಕೆಟ್ ಹಿಡಿಕೆ ಬೆಲ್ಟು. ಬಚ್ಚಲ ಬಾಗಿಲು ಕಟ್ಟಿರೋದು ಬೆಲ್ಟು. ನನ್ನ ತರಕಾರಿ ಚೀಲದ ಕೈ ಕೂಡ ಬೆಲ್ಟು. ಮಾರ್ಕೆಟ್ಟಿಗೆ ಹೋದ್ರೆ ಜನ ನಗ್ತಾರೆ. ಎಷ್ಟು ಸಲ ಕೂಗಾಡಿದೀನಿ ಗೊತ್ತಾ? 'ಇರ್ಲಿ ಬಿಡು, ಯಾವುದಕ್ಕಾದ್ರೂ ಬರುತ್ತೆ' ಅಂತಾರೆ."

"ಬಂತು ನೋಡು," ಎಂದಳು ಅಕ್ಕ. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಸುಳಿಯಿತು. "ಬೆಲ್ಟ್ ಹಾಕಿದ್ದು ನಿನ್ನ ಗಂಡ ಅಲ್ಲ. ಲಾರಿ ಓಡಿಸ್ಕೊಂಡು ಹೋದವನೂ ನಿನ್ನ ಗಂಡ ಅಲ್ಲ. ಆದ್ರೆ ಓಡಿಸಿದವನು ಹಳೇ ಡ್ರೈವರು."

ತಂಗಿ ಬೆಲ್ಟನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. ಮದುವೆಯಾದಾಗಿನಿಂದ ಬಯ್ದುಕೊಂಡು ಬಂದ ವಸ್ತುವಿನ ಮೇಲೆ ಅವಳಿಗೆ ಆ ಹೊತ್ತು ಎಲ್ಲಿಲ್ಲದ ಪ್ರೀತಿ ಬಂದಿತ್ತು.

ರಾತ್ರಿ ಹೊತ್ತು ಲಾರಿ ಓಡಾಡದ ಈ ಗುಡ್ಡದಲ್ಲಿ ಅನುಮಾನಪಡಲು ಇದ್ದವರೇ ಇಬ್ಬರು. ಕೆಳಗೆ ಪಂಕ್ಚರ್ ಅಂಗಡಿಯವನು, ಮೇಲೆ ಹೋಟೆಲಿನವನು. ಪಂಕ್ಚರ್ ಅಂಗಡಿಯವನ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು, ಅವನು ಚಹಾದ ಲೋಟ ಎತ್ತಲೂ ಒದ್ದಾಡುವುದನ್ನು ಇವರೇ ನೋಡಿದ್ದರು. ಇನ್ನು ಹೋಟೆಲಿನವನು. ಬೆಳಿಗ್ಗೆ ಅಲ್ಲಿಗೂ ಹೋಗಿ ತಾವು ಯಾರೆಂದು ಹೇಳಿ ವಿಚಾರಿಸಿದ್ದರು. ಆತ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ನಿಧಾನಪ್ಪ ಈ ಕಡೆ ತಲೆ ಹಾಕಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದ.

"ಲಾರಿ ವಿಷಯ ನನಗೇನೂ ಗೊತ್ತಿಲ್ಲ. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವನಲ್ಲ" ಎಂದೂ ಸೇರಿಸಿದ್ದ. ಅದನ್ನು ಅವನಿಗೆ ಯಾರೂ ಕೇಳಿರಲಿಲ್ಲ.

"ಪೊಲೀಸರಿಗೆ ಹೇಳೋಣ," ಎಂದಳು ತಂಗಿ.

"ಏನಂತ? ಕಲ್ಲು ಜೋಡಿಸಿಟ್ಟಿದಾರೆ, ಬೆಲ್ಟ್ ಎಸೆದಿದಾರೆ, ಹಿಡಿದು ಒಳಗೆ ಹಾಕಿ ಅಂತಲಾ?" ಅಕ್ಕ ಕೈಯ ಮಣ್ಣು ಕೊಡವಿಕೊಂಡಳು. "ನಡಿ, ಆ ಹೋಟೆಲಿಗೇ ಹೋಗೋಣ. ಆದ್ರೆ ಅಲ್ಲಿ ನಮ್ಮ ಕಾರು ಕೆಡಬೇಕು."

*

ಕಾರು ಕೆಟ್ಟಿತು. ಹೋಟೆಲಿನ ನೇರಕ್ಕೆ, ರಸ್ತೆಯಲ್ಲೇ, ಎರಡು ಸಲ ಕೆಮ್ಮಿ ನಿಂತಿತು. ತಂಗಿಯ ನಟನೆ ಸ್ವಲ್ಪ ಹೆಚ್ಚಾಯಿತೇನೋ, ಬಾನೆಟ್ಟು ಎತ್ತಿ ಹಣೆ ಹಣೆ ಚಚ್ಚಿಕೊಂಡಳು. ಅಕ್ಕ ಪಕ್ಕದ ಬೇಲಿಯಿಂದ ಕಲ್ಲು ಹೊತ್ತು ತಂದು ಕಾರಿನ ಹಿಂದೆ ಸಾಲಾಗಿ ಇಟ್ಟಳು, ಒಂದು ಕೊಂಬೆ ಮುರಿದು ಹಾಕಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಹೋಗಿ ಕೂತಳು.

ತಗಡಿನ ಸೂರಿನ, ಉದ್ದನೆಯ ಬೆಂಚುಗಳ ಹೋಟೆಲು. ಊಟದ ಹೊತ್ತು ಮೀರಿದ್ದರಿಂದ ಗಿರಾಕಿಗಳಿರಲಿಲ್ಲ. ಯಜಮಾನ ಮೇಜು ಒರೆಸುತ್ತಿದ್ದ. ನರೆತ ಮೀಸೆ, ಅಗಲ ಭುಜ, ಹೊರಗಿನ ಎಂಜಿನ್ನಿನ ಸದ್ದಿಗೆ ತಾನಾಗಿ ವಾಲುವ ಕಿವಿ.

"ಮತ್ತೆ ಬಂದ್ರಾ?" ಎಂದ. ದನಿಯಲ್ಲಿ ಸ್ವಾಗತವಿರಲಿಲ್ಲ.

"ಬರಬೇಕು ಅಂತ ಬಂದಿದ್ದಲ್ಲ, ಗಾಡಿ ಕೈಕೊಡ್ತು. ಒಂದು ಚಹಾ ಕೊಡಿ."

"ಚಹಾ ಕೊಡ್ತೀನಿ. ಸುದ್ದಿ ಮಾತ್ರ ಬೆಳಿಗ್ಗೆ ಹೇಳಿದ್ದೇ."

"ಬೇಡ ಬಿಡಿ. ಈ ಹೋಟೆಲ್ ಯಾವಾಗಿಂದ ನಡೆಸ್ತಿದೀರಿ?"

"ತುಂಬಾ ದಿನದಿಂದ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ಬದುಕಿದ್ದೆ," ಎಂದು ಅವನು ಲೋಟವನ್ನು ಟಪ್ಪನೆ ಮೇಜಿನ ಮೇಲಿಟ್ಟ.

ಅಕ್ಕ ಎರಡು ಗುಟುಕು ಕುಡಿದಳು. ಆಮೇಲೆ ಕನ್ನಡಕ ತೆಗೆದು ಒರೆಸಿದಳು. ಅದು ತಂಗಿಗೆ ಕೊಟ್ಟ ಸನ್ನೆ. ಹೊರಗೆ ಬಾನೆಟ್ಟು ಧಡ್ಡೆಂದು ಮುಚ್ಚಿತು, ಕಾರು ಸ್ಟಾರ್ಟಾಗಿ ನೆಟ್ಟಗೆ ಹೋಟೆಲಿನ ಅಂಗಳಕ್ಕೆ ಬಂದು ನಿಂತಿತು. ರಸ್ತೆಯ ಮೇಲೆ ಕಲ್ಲುಗಳು ಮಾತ್ರ ಉಳಿದವು. ತಂಗಿ ಇಳಿದು ರಸ್ತೆಯಂಚಿಗೆ ಹೋಗಿ ಕೈಕಟ್ಟಿ ನಿಂತಳು. ಯಾವುದಾದರೂ ಗಾಡಿ ತೀರಾ ಹತ್ತಿರ ಬಂದರೆ ತಡೆಯುವುದು ಅವಳ ಪಾಲಿನ ಕೆಲಸ.

ಯಜಮಾನ ಹೊರಗೆ ನೋಡಿದ. ಮೇಜು ಒರೆಸಿದ. ಮತ್ತೆ ಹೊರಗೆ ನೋಡಿದ.

"ಗಾಡಿ ಸರಿಹೋಯ್ತಲ್ಲ, ಹೊರಡಿ," ಎಂದ.

"ಚಹಾ ಮುಗೀಲಿ. ನಿಮ್ಮ ಊರು ಯಾವ ಕಡೆ?"

"ಇದೇ ಕಡೆ." ಅವನ ಕಣ್ಣು ರಸ್ತೆಯಲ್ಲೇ ಇತ್ತು. "ಆ ಕಲ್ಲು..."

"ಯಾವ ಕಲ್ಲು?"

"ಏನಿಲ್ಲ."

ಒರೆಸಿದ ಮೇಜನ್ನೇ ಅವನು ಮೂರನೆಯ ಸಲ ಒರೆಸಿದ. ಮುಳ್ಳಿನ ಮೇಲೆ ನಿಂತವನಂತೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸಿದ. ಅಷ್ಟರಲ್ಲಿ ದೂರದಲ್ಲಿ ಏರು ಹತ್ತುತ್ತಿರುವ ಬಸ್ಸಿನ ಸದ್ದು ಕೇಳಿಸಿತು. ಅಕ್ಕ ಲೋಟ ಎತ್ತಿಕೊಂಡು ಇನ್ನೊಂದು ಗುಟುಕು ಕುಡಿದಳು.

ಮನುಷ್ಯನಿಗೆ ತಡೆಯಲಾಗಲಿಲ್ಲ. ಬಟ್ಟೆ ಬಿಸಾಡಿ, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹೊರಗೆ ಓಡಿದ. ಎರಡೆರಡು ಕಲ್ಲು ಎತ್ತಿ ಮರದ ಬುಡಕ್ಕೆ ಹೊತ್ತ. ಬಸ್ಸು ತಿರುವಿನಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ರಸ್ತೆ ಚೊಕ್ಕವಾಗಿತ್ತು. ಬಸ್ಸು ಹಾದುಹೋದ ಮೇಲೂ ಅವನು ಬಗ್ಗಿ ಕಲ್ಲುಗಳನ್ನು ಸರಿಮಾಡುತ್ತಿದ್ದ. ದಪ್ಪವು ಕೆಳಗೆ, ಸಣ್ಣವು ಮೇಲೆ, ಕೊನೆಗೆ ಕೊಂಬೆ.

ತಿರುಗಿದರೆ ಅಕ್ಕ ಎದುರಿಗೇ ನಿಂತಿದ್ದಳು.

"ಎಷ್ಟು ವರ್ಷ ಲಾರಿ ಓಡಿಸಿದ್ರಿ ಯಜಮಾನ್ರೇ?"

"ಏನು ಹೇಳ್ತಿದೀರಿ ನೀವು?"

"ಕೆಳಗಿನ ತಿರುವಿನಲ್ಲೂ ಇದೇ ಥರ ಜೋಡಿಸಿದೀರಿ. ಕದ್ದ ಲಾರಿ ಸಾಗಿಸೋ ಗಡಿಬಿಡಿಯಲ್ಲೂ ಕಲ್ಲು ಬಿಟ್ಟು ಹೋಗೋಕೆ ನಿಮಗೆ ಮನಸ್ಸು ಬರ್ಲಿಲ್ಲ. ಒಳ್ಳೇ ಬುದ್ಧಿ. ಸಿಕ್ಕಿಹಾಕ್ಕೊಂಡಿದ್ದೂ ಅದರಿಂದಲೇ."

ಅವನು ಕೈಯಲ್ಲಿದ್ದ ಕೊನೆಯ ಕಲ್ಲನ್ನು ನೋಡಿದ. ಅದನ್ನು ಮೆಲ್ಲಗೆ ಗುಪ್ಪೆಯ ಮೇಲಿಟ್ಟ.

"ಯಾರೋ ಬಿಟ್ಟುಹೋದ ಕಲ್ಲಿಗೆ ನನ್ನ ತಮ್ಮ ಹೋದ," ಎಂದ. "ಪಕ್ಕದ ಸೀಟಲ್ಲಿದ್ದ. ಓಡಿಸ್ತಿದ್ದವನು ನಾನು. ಅವತ್ತೇ ಸ್ಟೇರಿಂಗ್ ಬಿಟ್ಟೆ. ಆಮೇಲೆ ಮುಟ್ಟಿದ್ದು ಒಂದೇ ಸಲ."

"ಆ ರಾತ್ರಿ, ಕೆಳಗಿನ ತಿರುವಿನಲ್ಲಿ."

ಅಕ್ಕನಿಗೆ ಒಳಗೊಳಗೇ ಮರುಕ ಹುಟ್ಟಿತು, ಆದರೆ ಮರುಕಪಡುತ್ತ ಕೂರುವ ಸಮಯ ಅದಾಗಿರಲಿಲ್ಲ. "ನನ್ನ ತಂಗಿ ಗಂಡ ಎಲ್ಲಿ?" ಎಂದಳು.

"ಹೇಳಲ್ಲ. ತಲೆ ಮೇಲೆ ತಲೆ ಬಿದ್ರೂ ಹೇಳಲ್ಲ." ಅವನು ಎದೆ ಸೆಟೆಸಿದ. "ಯಾರು ಬಂದು ಕೇಳಿದ್ರೂ ಹೇಳಬೇಡ ಅಂತ ಅವನೇ ಕೈಮುಗಿದಿದಾನೆ. ಕತ್ತಲಲ್ಲಿ ನಡ್ಕೊಂಡು ಬರ್ತಾ ಚರಂಡಿಗೆ ಬಿದ್ದು ಕಾಲು ಮುರ್ಕೊಂಡಿದ್ದ, ತೆವಳ್ಕೊಂಡೇ ಬಾಗಿಲಿಗೆ ಬಂದ. 'ಹಗ್ಗ ಬಿಗಿ ಮಾಡೋಕೆ ಹೋಗಿ ಸರಕಿನ ಕೆಳಗೆ ನೋಡಬಾರದ್ದು ನೋಡ್ಬಿಟ್ಟೆ, ಮಾಲೀಕರ ಕಣ್ಣಿಗೆ ಲಾರಿ ಬೀಳಬಾರದು' ಅಂದ. ನನ್ನ ಹಳೇ ಲಾರಿಯ ಒಂದು ಬೆಲ್ಟಿತ್ತು, ಹಾಕಿ, ತಂದು ಯಾರಿಗೂ ಸಿಗದ ಕಡೆ ನಿಲ್ಲಿಸಿದೆ. ಅವನನ್ನ ಹಿಂದಿನ ಕೋಣೆಲಿ ಇಟ್ಕೊಂಡು ನೋಡ್ಕೊಂಡೆ. ನೀವು ಮಾಲೀಕನ ಕಡೆಯವರು ಅಂತ ನಂಗೊತ್ತು. ಹೋಗಿ ಹೇಳಿ ಅವನಿಗೆ, ಈ ಮನುಷ್ಯ ಇನ್ನು ನಿಮ್ಮ ಕೈಗೆ ಸಿಗಲ್ಲ ಅಂತ."

ರಸ್ತೆಯಂಚಿನಿಂದ ತಂಗಿ ಓಡಿಬಂದಳು. ಅವಳಿಗೆ ಕೇಳಿಸಿದ್ದು ಒಂದೇ ಮಾತು. "ಬದುಕಿದಾರಾ? ಅಣ್ಣಾ, ಅವ್ರು ಬದುಕಿದಾರಾ? ಕರ್ಕೊಂಡು ಹೋಗಿ ನನ್ನ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಅವ್ರ ಹೆಂಡತಿ!"

ಯಜಮಾನ ನಕ್ಕುಬಿಟ್ಟ. ಸಿಟ್ಟಿನ ನಗು ಅದು. "ಬೆಳಿಗ್ಗೇನೂ ಇದೇ ನಾಟಕ ಆಡಿದ್ರಿ. ತಾಯೀ, ಅವನ ಹೆಂಡತಿ ನಿನಗಿಂತ ಮುಂಚೆ ಬಂದು ಕರ್ಕೊಂಡು ಹೋದ್ಲು."

ಇಬ್ಬರೂ ನಿಂತಲ್ಲೇ ನಿಂತರು.

"ಯಾವಾಗ?" ಅಕ್ಕನ ದನಿ ಬದಲಾಗಿತ್ತು.

"ಇವತ್ತೇ, ಹೊತ್ತಾರೆ. ಬಿಳೀ ಕಾರಲ್ಲಿ. ಪಾಪ, ಎಷ್ಟು ಅತ್ತಳು ಗೊತ್ತಾ? ಹೆಂಡತಿ, ಅತ್ತಿಗೆ ಅಂತ ಹೇಳ್ಕೊಂಡು ಯಾರಾದ್ರೂ ಬರ್ತಾರೆ, ನಂಬಬೇಡಿ ಅಂತಾನೂ ಹೇಳಿ ಹೋದ್ಲು. ಸರಿಯಾಗಿ ನೀವು ಬಂದ್ರಿ."

ತಂಗಿ ಫೋನು ತೆಗೆದು, ತನ್ನ ಮದುವೆಯ ಫೋಟೊ ಹುಡುಕಿ, ಅವನ ಮುಖದೆದುರು ಹಿಡಿದಳು. ನಿಧಾನಪ್ಪ ಅದರಲ್ಲಿ ಈಗಿನದಕ್ಕಿಂತ ತೆಳ್ಳಗಿದ್ದ. ಪಕ್ಕದಲ್ಲಿದ್ದವಳ ಮೂಗು, ಕಣ್ಣು, ಗಲ್ಲದ ಮೇಲಿನ ಮಚ್ಚೆ ಎಲ್ಲವೂ ಈಗ ಎದುರಿಗೆ ನಿಂತವಳದೇ.

ಯಜಮಾನ ಫೋಟೊ ನೋಡಿದ, ತಂಗಿಯನ್ನು ನೋಡಿದ. ಮುಖದ ಸಿಟ್ಟೆಲ್ಲ ಇಳಿದುಹೋಯಿತು.

"ಅವ್ರು... ಅವ್ರು ಏನೂ ಹೇಳ್ಲಿಲ್ವಾ?" ತಂಗಿ ಕೇಳಿದಳು. "ಇವಳು ನನ್ನ ಹೆಂಡತಿ ಅಲ್ಲ ಅನ್ಲಿಲ್ವಾ?"

"ಗಂಡ ಹೆಂಡತಿ ಮಾತಾಡ್ಕೊಳ್ಲಿ ಅಂತ ನಾನು ಕೋಣೆಯಿಂದ ಈಚೆ ಬಂದೆ. ಅವನು ಮಲಗಿದ್ದ. ಒಂದು ಕೂಗು ಕೇಳಿಸ್ತು. ಕಾಲು ನೋವಿಗೆ ಕೂಗಿದ ಅಂದ್ಕೊಂಡೆ. ವಾಪಸ್ ಹೋಗೋ ಹೊತ್ತಿಗೆ ಇಂಜೆಕ್ಷನ್ ಕೊಟ್ಟಿದ್ಲು. ಸಕ್ಕರೆ ಕಾಯಿಲೆದು, ದಿನಾ ನಾನೇ ಕೊಡೋದು ಅಂದ್ಲು."

"ಅವ್ರಿಗೆ ಸಕ್ಕರೆ ಕಾಯಿಲೆ ಇಲ್ಲ," ಎಂದಳು ತಂಗಿ. "ಯಾವ ಕಾಯಿಲೆನೂ ಇಲ್ಲ."

ಯಜಮಾನ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದ.

"ಕಾರಿಗೆ ಎತ್ತಿ ಕೂರಿಸ್ತಾ ಇದ್ದಾಗ ನನ್ನ ಕೈ ಹಿಡ್ಕೊಂಡ," ಎಂದ. "ಮಾತು ತೊದಲ್ತಿತ್ತು. ಬೆರಳು ಬಿಡಿಸೋಕೇ ಆಗ್ಲಿಲ್ಲ. ಅವಳೇ ಬಿಡಿಸಿದ್ಲು. ಇಷ್ಟು ದಿನ ನೋಡ್ಕೊಂಡಿದ್ದಕ್ಕೆ ಉಪಕಾರ ಹೇಳ್ತಿದಾನೆ ಅಂದ್ಕೊಂಡ್ನಲ್ಲಮ್ಮಾ ನಾನು..."

"ಅಳೋದು ಆಮೇಲೆ," ಅಕ್ಕ ಅವನ ತೋಳು ಹಿಡಿದು ಕಾರಿನ ಕಡೆ ಎಳೆದಳು. "ಹತ್ತಿ. ಲಾರಿ ಎಲ್ಲಿ ಅಂತ ಕೇಳಿದ್ಲಾ ಅವಳು?"

"ಇಲ್ಲ. ಅದರ ಸುದ್ದಿನೇ ಎತ್ತಲಿಲ್ಲ."

ಅಂದರೆ ಅವಳಿಗೆ ಬೇಕಾದದ್ದು ತಾಮ್ರವೂ ಅಲ್ಲ, ಲಾರಿಯೂ ಅಲ್ಲ, ನಿಧಾನಪ್ಪನ ಬಾಯಿ ಮುಚ್ಚುವುದು. ಅಕ್ಕ ಅದನ್ನು ಹೇಳಲಿಲ್ಲ. ತಂಗಿ ಆಗಲೇ ಸ್ಟೇರಿಂಗಿನ ಹಿಂದೆ ಕೂತಿದ್ದಳು.

ಹೋಟೆಲಿನಿಂದ ಕೂಗಳತೆಯ ದೂರದಲ್ಲಿ ಹಳೆಯ ಹೆದ್ದಾರಿ ಎರಡಾಗುತ್ತದೆ. ಬಲದ ದಾರಿ ಗುಡ್ಡ ಇಳಿದು ಹೊಸ ರಸ್ತೆಗೆ, ಪೇಟೆಗೆ, ಆಸ್ಪತ್ರೆಗೆ ಹೋಗುತ್ತದೆ. ಎಡದ್ದು ಮುಚ್ಚಿದ ಪೆಟ್ರೋಲ್ ಬಂಕಿನ ಮುಂದೆ ಹಾದು, ಕುಸಿದುಬಿದ್ದ ಕಲ್ಲುಸೇತುವೆಯ ಬಾಯಿಗೆ ಹೋಗಿ ಮುಗಿಯುತ್ತದೆ. ಕವಲಿನಲ್ಲಿ ತಂಗಿ ಬ್ರೇಕು ಹಾಕಿದಳು.

"ಯಾವ ಕಡೆ ಹೋದ್ಲು?"

"ಎಡಕ್ಕೆ," ಎಂದ ಯಜಮಾನ ಹಿಂದಿನ ಸೀಟಿನಿಂದ. "ನಾನು ಲಾರಿ ನಿಲ್ಲಿಸಿರೋದು ಆ ಬಂಕಿನ ಶೆಡ್ಡಲ್ಲೇ, ಅದರಿಂದ ಅವನ ಬಟ್ಟೆಬರೆ ತಗೊಳ್ಳೋಕೆ ಅಂದ್ಕೊಂಡೆ. ಅರ್ಧ ಗಂಟೆಗೆಲ್ಲ ವಾಪಸ್ ಬಂದು ಬಲಕ್ಕೆ ಇಳಿದು ಹೋದ್ಲು."

"ಲಾರಿ ಎಲ್ಲಿದೆ ಅಂತ ಅವಳು ಕೇಳೇ ಇಲ್ಲ ಅಂದ್ರಲ್ಲ?" ಎಂದಳು ಅಕ್ಕ.

ಯಜಮಾನ ಹಣೆ ಚಚ್ಚಿಕೊಂಡ.

"ವಾಪಸ್ ಬಂದಾಗ ಕಾರಲ್ಲಿ ಅವ್ರಿದ್ರಾ?" ತಂಗಿ ಹಿಂದಕ್ಕೆ ತಿರುಗಲಿಲ್ಲ. ಕನ್ನಡಿಯಲ್ಲೇ ಅವನ ಕಣ್ಣನ್ನು ಹಿಡಿದಿದ್ದಳು.

"ಮುಂದೆ ಅವಳೊಬ್ಬಳೇ ಕಂಡ್ಲು. ಅವನು ಹಿಂದೆ ಮಲಗಿದಾನೆ ಅಂದ್ಕೊಂಡೆ." ಅವನ ದನಿ ಉಡುಗಿಹೋಯಿತು. "ಹಿಂದಿನ ಸೀಟು ನಾನು ನೋಡ್ಲಿಲ್ಲಮ್ಮ."

ಅಕ್ಕ ಲೆಕ್ಕ ಹಾಕಿದಳು. ಬಲಕ್ಕೆ ಹೋದರೆ ಬಿಳೀ ಕಾರಿನ ಜಾಡು ಇನ್ನೂ ಸಿಗಬಹುದು. ಅವನು ಅದರೊಳಗೇ ಇದ್ದರೆ, ಇಲ್ಲಿ ಕಳೆಯುವ ಪ್ರತಿ ನಿಮಿಷವೂ ಅವನನ್ನು ದೂರ ಒಯ್ಯುತ್ತಿದೆ. ಆ ಹೆಂಗಸು ಅವನನ್ನು ಸೇತುವೆಯ ಬಳಿ ಬಿಟ್ಟುಬಂದಿದ್ದರೆ ಅವನಿರುವುದು ಎಡಕ್ಕೆ, ಆದರೆ ಅಲ್ಲಿಗೆ ಹೋಗಿ ಏನೂ ಸಿಗದಿದ್ದರೆ ಅವಳೂ ತಪ್ಪಿಸಿಕೊಂಡಂತೆ, ಅವನೂ ಕೈತಪ್ಪಿದಂತೆ. ಬಲಕ್ಕೆ ಎನ್ನಲು ಅಕ್ಕ ಬಾಯಿ ತೆರೆದಳು.

"ನೀನು ಏನೂ ಹೇಳಬೇಡ ಅಕ್ಕ," ಎಂದಳು ತಂಗಿ. "ಅವಳು ಎಲ್ಲಿಗೆ ಬೇಕಾದ್ರೂ ಹೋಗ್ಲಿ. ನನಗೆ ಬೇಕಾಗಿರೋದು ಅವಳಲ್ಲ."

ಅವಳು ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಸೇತುವೆಯ ದಾರಿಗೆ ಕಾರು ಬಿಟ್ಟಳು.